ನಾಚಿಕೆಯ ಯೇತಿ: ಮಕ್ಕಳಿಗೆ ಗಟ್ಟಿಯಾಗಿ ಓದುವ ಚಿತ್ರಪುಸ್ತಕದ ಕೊನೆಯ ಪುಟ ಹೇಗಿರಬೇಕು?

ಮಾಟುಂಗದ ಓದುಗಿ

ಎಲ್ಲ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಮಾಟುಂಗದ ನಮ್ಮ ಕಟ್ಟಡದ ನೆಲಮಹಡಿಯಲ್ಲಿರುವ ಕೋಣೆಯಲ್ಲಿ ಪ್ರತಿ ಶನಿವಾರ ಸಂಜೆ ಹತ್ತು ಹನ್ನೆರಡು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಕನ್ನಡದ ಕತೆಗಳನ್ನು ಗಟ್ಟಿಯಾಗಿ ಓದುತ್ತೇನೆ. ನಾಲ್ಕರಿಂದ ಎಂಟು ವರ್ಷದೊಳಗಿನ ಮಕ್ಕಳು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷನ್ನೋ ಮರಾಠಿಯನ್ನೋ ಓದುತ್ತಾರೆ, ಕೆಳಗೆ ಆಡಲು ಇಳಿದರೆ ಹಿಂದಿ. ಕನ್ನಡದ ಅಕ್ಷರ ಬಲ್ಲವರು ಇಬ್ಬರು ಮಾತ್ರ. ಹೀಗಾಗಿ ಕನ್ನಡದ ಪುಸ್ತಕವೆಂದರೆ ಇವರ ಪಾಲಿಗೆ ಕಿವಿಯಿಂದ ಒಳಗೆ ಹೋಗುವ ವಸ್ತು, ಮತ್ತು ಆ ಕಾರಣಕ್ಕಾಗಿಯೇ ಪ್ರತಿಯೊಂದು ವಾಕ್ಯವೂ ಬಾಯಿಗೆ ಹೇಗೆ ಬರುತ್ತದೆ ಎಂಬುದನ್ನು ನಾನು ಬಹಳ ಯೋಚಿಸುತ್ತೇನೆ.

ಈ ಬಾರಿ ನಾವೇ ಒಂದು ಚಿತ್ರಪುಸ್ತಕ ಮಾಡುತ್ತಿದ್ದೇವೆ. ಮಾತು ನನ್ನದು, ಚಿತ್ರ ಚಿತ್ರಕಲೆ ಕಲಿಯುತ್ತಿರುವ ಪಕ್ಕದ ಮನೆಯ ಹುಡುಗಿಯದು. ಕತೆ ನೇಪಾಳದ ಹಿಮಪರ್ವತದಲ್ಲಿ ನಡೆಯುತ್ತದೆ. ಹಗ್ಗ, ಕ್ಯಾಮೆರಾ, ದುರ್ಬೀನು ಹೊತ್ತ ಪರಊರಿನವರು ಯೇತಿಯನ್ನು, ಅಂದರೆ ಜನರ ಕತೆಗಳಲ್ಲಿ ಬರುವ ಹಿಮಮಾನವನನ್ನು, ಹುಡುಕಿಕೊಂಡು ಬರುತ್ತಾರೆ. ನಮ್ಮ ಯೇತಿಗೆ ವಿಪರೀತ ನಾಚಿಕೆ. ಮೊದಲು ಅವನು ಒಂದು ಚಮರೀಮೃಗದ ಹಿಂದೆ ಅಡಗುತ್ತಾನೆ. ಚಮರಿ ಮೇಯುತ್ತ ಮೇಯುತ್ತ ಮುಂದಕ್ಕೆ ಹೋಗಿಬಿಡುತ್ತದೆ. ಬೇರೆ ದಾರಿ ಕಾಣದೆ ಯೇತಿ ಹಿಮದ ಗುಪ್ಪೆಯಂತೆ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಚಮರಿ ಕಾಯುವ ಪುಟ್ಟ ಹುಡುಗಿ ಬಂದು ತನ್ನ ಒದ್ದೆ ಉಣ್ಣೆಯ ಕಾಲುಚೀಲಗಳನ್ನು ಆ ಗುಪ್ಪೆಯ ಮೇಲೆ ಒಣಹಾಕುತ್ತಾಳೆ. ಕಾಲುಚೀಲದ ದಾರ ಮೂಗಿಗೆ ತಾಗಿ ಗುಪ್ಪೆಗೆ ಸೀನು ಬರುತ್ತದೆ. ಪರಊರಿನವರು ಪ್ರತಿ ಸಲ ಕೇಳಿದಾಗಲೂ ಹುಡುಗಿ ಕೊಡುವ ಉತ್ತರ ಒಂದೇ: "ಇಲ್ಲಿ ಯಾರೂ ಇಲ್ಲಪ್ಪ, ಇರುವುದೆಲ್ಲ ಹಿಮವಪ್ಪ."

ಇಲ್ಲಿಯವರೆಗೆ ಎಲ್ಲವೂ ಸರಾಗವಾಗಿ ಬಂದಿದೆ. ತೊಡಕಿರುವುದು ಕೊನೆಯಲ್ಲಿ. ಕಟ್ಟಡದ ಕೆಲವು ತಂದೆತಾಯಂದಿರು, ಯೇತಿ ಕೊನೆಗೆ ನಾಚಿಕೆ ಬಿಟ್ಟು ಎಲ್ಲರ ನಡುವೆ ಬಂದು ಕುಣಿಯಬೇಕು, ಆಗಲೇ ಮಕ್ಕಳಿಗೆ ಧೈರ್ಯ ಬರುತ್ತದೆ ಎನ್ನುತ್ತಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಆದರೆ ಯಾಕೆ ಎಂದು ಅವರಿಗೆ ಸರಿಯಾಗಿ ವಿವರಿಸಲೂ ಆಗುತ್ತಿಲ್ಲ. ದಯವಿಟ್ಟು ನಿಮ್ಮ ಅಭಿಪ್ರಾಯವನ್ನು ವಿವರವಾಗಿ ತಿಳಿಸಿ.

ಡೊಂಬಿವಲಿಯ ತಾಯಿ

ಅಕ್ಕಾ, ನಿಮ್ಮ ಮನಸ್ಸಿಗೆ ಒಪ್ಪಿಗೆಯಾಗದೆ ಇರುವುದೇ ಸರಿ ಎಂದು ನಾನು ಹೇಳುತ್ತೇನೆ, ಮತ್ತು ಯಾಕೆ ಎಂಬುದನ್ನೂ ಹೇಳುತ್ತೇನೆ.

ನನ್ನ ಮಗಳಿಗೆ ಈಗ ಏಳು ವರ್ಷ. ಮನೆಯಲ್ಲಿ ಚಿನಕುರಳಿ, ಹೊರಗೆ ಹೋದರೆ ನನ್ನ ಸೆರಗಿನ ಹಿಂದೆ. ಎರಡು ವರ್ಷದ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ, ಅವಳು ಬೇಡವೆಂದರೂ ಕೇಳದೆ, ಕೈಗೆ ಮೈಕು ಕೊಟ್ಟು ವೇದಿಕೆಯ ಮುಂದಕ್ಕೆ ತಳ್ಳಿದರು. ಅವಳು ಮೈಕು ಹಿಡಿದುಕೊಂಡು ಎರಡು ನಿಮಿಷ ಸುಮ್ಮನೆ ನಿಂತಿದ್ದಳು. ಸಭೆಯಲ್ಲಿ ನಗು ಎದ್ದಿತು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಆದರೆ ಆ ದಿನದ ನಂತರ ಅವಳು ಮನೆಗೆ ಬಂದ ನೆಂಟರ ಎದುರಿಗೂ ಹಾಡುವುದನ್ನು ನಿಲ್ಲಿಸಿದಳು.

ನಾಚಿಕೆಯ ಪ್ರಾಣಿಯ ಕತೆಯಲ್ಲಿ ಕೊನೆಗೆ ಪ್ರಾಣಿಯನ್ನು ಎಲ್ಲರ ಮುಂದೆ ತಂದು ಕುಣಿಸಿದರೆ, ನಾಚಿಕೆಯೆಂಬುದು ಒಂದು ಕಾಯಿಲೆ, ಕೊನೆಯ ಪುಟದಲ್ಲಿ ಅದು ವಾಸಿಯಾಯಿತು ಎಂದು ಹೇಳಿದ ಹಾಗಾಗುತ್ತದೆ. ಅಷ್ಟು ಹೊತ್ತು ಯೇತಿಯ ಜೊತೆಗೆ ಉಸಿರು ಹಿಡಿದು ಅಡಗಿದ್ದ ಮಗುವನ್ನು ಕೊನೆಗೆ ನಾವೇ ಹಿಡಿದುಕೊಟ್ಟಂತೆ. ಚಾಪೆಯ ಮೇಲೆ ಕುಳಿತ ಹನ್ನೆರಡು ಮಕ್ಕಳಲ್ಲಿ ಮೂರು ನಾಲ್ಕು ಮಕ್ಕಳಾದರೂ ಯೇತಿಯ ಕಡೆಯವರೇ ಇರುತ್ತಾರೆ ಎಂಬುದು ನೆನಪಿರಲಿ.

ಇನ್ನೊಂದು ಮಾತು. "ನಾಚಿಕೆ" ಎಂಬ ಪದವನ್ನು ನೀವು ಹೇಗೆ ಬಳಸುತ್ತೀರಿ? "ನಾಚಿಕೆಯಾಗಬೇಕು ನಿನಗೆ" ಎಂದು ನಾವೇ ಮಕ್ಕಳನ್ನು ಬಯ್ಯುತ್ತೇವೆ. ಒಂದೇ ಪದ ಒಂದು ಕಡೆ ಬೈಗುಳ, ಇನ್ನೊಂದು ಕಡೆ ಸ್ವಭಾವ. "ಸಂಕೋಚ" ಎಂದರೆ ಐದು ವರ್ಷದ ಮಗುವಿನ ಬಾಯಿಗೆ ಭಾರ. "ಅಂಜುಬುರುಕ" ಎಂದರೆ ಅರ್ಥವೇ ಬೇರೆಯಾಗುತ್ತದೆ, ಯೇತಿಗೆ ಇರುವುದು ಅಂಜಿಕೆಯಲ್ಲ. ಇದಕ್ಕೆ ಏನಾದರೂ ದಾರಿ ಹುಡುಕಬೇಕು.

ಚೆಂಬೂರಿನ ನಿವೃತ್ತ ಮೇಷ್ಟ್ರು

ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ಮುಂಬಯಿಯ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂಬುದು ಇಂದಿನ ಅನೇಕ ಕನ್ನಡ ಮನೆಗಳಿಗೇ ಗೊತ್ತಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ತಾಯಿಯವರು ಎತ್ತಿದ ಪದದ ಪ್ರಶ್ನೆಗೆ ನನ್ನ ಸಲಹೆ ಇದು. ಯೇತಿಗೆ ನಾಚಿಕೆ ಎಂದು ಹೇಳುವುದರ ಬದಲು ನಾಚಿಕೆಯನ್ನು ತೋರಿಸಿರಿ. ನಮ್ಮ ಊರಿನ ಗದ್ದೆಬದುವಿನಲ್ಲಿ ಮುಟ್ಟಿದರೆ ಮುನಿ ಎಂಬ ಗಿಡವಿದೆ, ಕೆಲವರು ನಾಚಿಕೆಮುಳ್ಳು ಎನ್ನುತ್ತಾರೆ, ಇಲ್ಲಿಯ ಮರಾಠಿ ಮಕ್ಕಳು ಲಾಜಾಳೂ ಎನ್ನುತ್ತಾರೆ. ಬೆರಳು ತಾಗಿದೊಡನೆ ಎಲೆ ಮುಚ್ಚುತ್ತದೆ, ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ತೆರೆಯುತ್ತದೆ. ಆ ಗಿಡವನ್ನು ಯಾರೂ ಬೈಯುವುದಿಲ್ಲ. ಒಂದು ಕುಂಡದಲ್ಲಿ ಅದನ್ನು ತಂದು ಓದುವ ಮುನ್ನ ಮಕ್ಕಳ ಮುಂದೆ ಇಟ್ಟರೆ "ನಾಚಿಕೆ" ಎಂಬ ಪದಕ್ಕೆ ಅಂಟಿದ ಬೈಗುಳ ಅಲ್ಲಿಯೇ ಕಳಚಿ ಬೀಳುತ್ತದೆ. ಪುಸ್ತಕದೊಳಗೆ ಮಾತ್ರ ಅದನ್ನು ತರಬೇಡಿ, ಹಿಮದಲ್ಲಿ ಬೆಳೆಯುವ ಗಿಡ ಅದಲ್ಲ.

ಎರಡನೆಯದಾಗಿ ಹೆಸರು. ಮಕ್ಕಳ ಅಜ್ಜಿಯರ ಕಿವಿಗೆ "ಯೇತಿ" ಎಂಬುದು "ಯತಿ" ಎಂದು ಬೀಳುವುದು ಖಂಡಿತ, ಕಾವಿ ಉಟ್ಟ ಸ್ವಾಮಿಗಳ ಕತೆ ಎಂದು ಅವರು ತಿಳಿದರೆ ಅವರ ತಪ್ಪಲ್ಲ. ಆದ್ದರಿಂದ ಮೊದಲ ಅಕ್ಷರವನ್ನು ಚೆನ್ನಾಗಿ ಎಳೆದು ಓದಿರಿ. ಆದರೆ ಈ ಹೋಲಿಕೆಯಿಂದ ನನಗೆ ಒಂದು ಉಪಯುಕ್ತ ವಿಚಾರ ಹೊಳೆಯಿತು. ಛಂದಸ್ಸಿನಲ್ಲಿ ಯತಿ ಎಂದರೆ ಓದುವವನು ಉಸಿರು ತೆಗೆದುಕೊಳ್ಳಲು ನಿಲ್ಲುವ ತಾಣ. ಕನ್ನಡದ ಕವಿಗಳು ಯತಿವಿಲಂಘನ ಮಾಡುವುದರಲ್ಲಿ ಹೆಸರುವಾಸಿಗಳು, ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದಕ್ಕೆ ಹರಿಯುವುದು ನಮ್ಮ ಕಾವ್ಯದ ಒಂದು ಗುಣ. ಚಿತ್ರಪುಸ್ತಕದಲ್ಲಿ ಮಾತ್ರ ಆ ಸ್ವಾತಂತ್ರ್ಯ ಬೇಡ. ಇಲ್ಲಿ ಪುಟ ತಿರುವುವ ಕ್ಷಣವೇ ಯತಿಸ್ಥಾನ. ಬಲಗಡೆಯ ಪುಟದ ಕೊನೆಯಲ್ಲಿ "ಹಿಮದ ಗುಪ್ಪೆಗೆ ಮೂಗು ತುರಿಸಿತು, ತುರಿಸಿತು, ತುರಿಸಿತು" ಎಂದು ಓದಿ ನಿಲ್ಲಬೇಕು. ಹಾಳೆಯ ಮೂಲೆಯನ್ನು ಬೆರಳಲ್ಲಿ ಹಿಡಿದು, ತಿರುವದೆ, ಮಕ್ಕಳ ಮುಖವನ್ನು ಒಮ್ಮೆ ನೋಡಬೇಕು. ಯಾರಾದರೊಬ್ಬರು ತಾವೇ "ಆಕ್ಷೀ" ಎನ್ನುವವರೆಗೆ ಕಾದು, ಆಮೇಲೆ ತಿರುವಬೇಕು. ನಗು ಹುಟ್ಟುವುದು ಆ ನಿಲುಗಡೆಯಲ್ಲಿ. ಅವಸರದಿಂದ ಓದಿದರೆ ಎಷ್ಟು ಒಳ್ಳೆಯ ಸೀನಾದರೂ ವ್ಯರ್ಥ.

ಮೂರನೆಯದಾಗಿ ಸದ್ದು. ದಡದಡ, ಸರಸರ, ಗುಸುಗುಸು, ಪಿಳಿಪಿಳಿ, ಗಡಗಡ ಎಂಬ ಅನುಕರಣದ ಪದಗಳು ಕನ್ನಡದಲ್ಲಿ ರಾಶಿರಾಶಿಯಾಗಿವೆ, ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಪರಊರಿನವರ ಬೂಟು ಧಪಧಪ ಎನ್ನಲಿ, ಚಮರಿ ಕರಕರ ಮೇಯಲಿ. ಆದರೆ ಯೇತಿಗೆ ಸದ್ದೇ ಕೊಡಬೇಡಿ. ಎಲ್ಲರಿಗೂ ಸದ್ದಿದ್ದು ಅವನೊಬ್ಬನಿಗೆ ಇಲ್ಲದೆ ಹೋದರೆ, ಅವನ ಪುಟ ಬಂದಾಗ ಮಕ್ಕಳೇ ಪಿಸುಮಾತಿಗೆ ಇಳಿಯುತ್ತಾರೆ. ಅವನ ಏಕೈಕ ಸದ್ದು ಆ ಸೀನಾಗಿರಲಿ.

ಪುಣೆಯ ಚಾರಣಿಗ

ಕೊಥ್ರೂಡಿನಲ್ಲಿರುವ ನಾನು ವೃತ್ತಿಯಿಂದ ಇಂಜಿನಿಯರ್, ರಜೆ ಸಿಕ್ಕಿದಾಗ ಸಹ್ಯಾದ್ರಿಯ ಕೋಟೆಗಳನ್ನು ಹತ್ತುವವನು, ಒಮ್ಮೆ ನೇಪಾಳದ ಖುಂಬು ಕಣಿವೆಯಲ್ಲಿಯೂ ನಡೆದಿದ್ದೇನೆ. ಮಕ್ಕಳು ಕತೆ ಮುಗಿದ ಕೂಡಲೇ "ಯೇತಿ ನಿಜವಾಗಿ ಇದ್ದಾನಾ?" ಎಂದು ಕೇಳಿಯೇ ಕೇಳುತ್ತಾರೆ. ಅದಕ್ಕೆ ಪುಸ್ತಕದ ಕೊನೆಯ ಒಳಪುಟದಲ್ಲಿ ಪ್ರಾಮಾಣಿಕವಾದ ಉತ್ತರ ಇರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಗೊತ್ತಿರುವುದನ್ನು ಇಲ್ಲಿ ಬರೆಯುತ್ತೇನೆ.

ಯೇತಿ ಎಂಬುದು ಶೇರ್ಪಾ ಜನರ ಮಾತಿನಿಂದ ಬಂದ ಹೆಸರು. ಹೊರಜಗತ್ತಿಗೆ ಅದು "ಅಸಹ್ಯ ಹಿಮಮಾನವ" ಎಂದು ಪರಿಚಯವಾದದ್ದು ಒಂದು ಅನುವಾದದ ಎಡವಟ್ಟಿನಿಂದ. 1921ರಲ್ಲಿ ಚಾರ್ಲ್ಸ್ ಹೋವರ್ಡ್-ಬರಿ ಅವರ ನೇತೃತ್ವದ ಬ್ರಿಟಿಷ್ ತಂಡ ಎವರೆಸ್ಟಿನ ದಾರಿ ಹುಡುಕುತ್ತಿದ್ದಾಗ ಹಿಮದಲ್ಲಿ ದೊಡ್ಡ ಹೆಜ್ಜೆಗಳನ್ನು ಕಂಡಿತು. ಅವು ತೋಳದವು ಇರಬಹುದೆಂದು ಹೋವರ್ಡ್-ಬರಿ ಅವರೇ ಭಾವಿಸಿದ್ದರು. ಹೊರೆಯಾಳುಗಳು ಹೇಳಿದ ಹೆಸರನ್ನು ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಗೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಅವರು ಇಂಗ್ಲಿಷಿಗೆ ತರುವಾಗ ಅದು "ಅಸಹ್ಯ" ಎಂಬ ಅರ್ಥದ ಪದವಾಯಿತು. ಆ ಹೆಸರು ಪತ್ರಿಕೆಯಿಂದ ಪತ್ರಿಕೆಗೆ ಹರಡಿತು. ಯಾರ ಕಣ್ಣಿಗೂ ಬೀಳದೆ ದೂರ ಉಳಿದ ಒಂದು ಜೀವಕ್ಕೆ ಇಂಥ ಹೆಸರು ಅಂಟಿದ್ದು ನನಗೆ ಯಾವಾಗಲೂ ಅನ್ಯಾಯವೆನಿಸಿದೆ. ಅವನನ್ನು ಮತ್ತೆ ನಾಚಿಕೆಯವನನ್ನಾಗಿ ಮಾಡಿದ ನಿಮ್ಮ ಪುಸ್ತಕ ಆ ಕಾರಣಕ್ಕಾಗಿಯೇ ನನಗೆ ಹಿಡಿಸಿತು.

1951ರಲ್ಲಿ ಬ್ರಿಟಿಷ್ ಪರ್ವತಾರೋಹಿ ಎರಿಕ್ ಶಿಪ್ಟನ್ ಅವರು ಮೆನ್‌ಲುಂಗ್ ಹಿಮನದಿಯ ಮೇಲೆ ಒಂದು ಹೆಜ್ಜೆಗುರುತಿನ ಛಾಯಾಚಿತ್ರ ತೆಗೆದರು, ಅಳತೆ ಗೊತ್ತಾಗಲೆಂದು ಪಕ್ಕದಲ್ಲಿ ಹಿಮಗೊಡಲಿಯನ್ನು ಇಟ್ಟಿದ್ದರು. ಯೇತಿಯ ಹೆಸರು ಮನೆಮಾತಾದದ್ದು ಆ ಚಿತ್ರದಿಂದ. 1960ರಲ್ಲಿ ಎಡ್ಮಂಡ್ ಹಿಲರಿ ಅವರು ಒಂದು ದೊಡ್ಡ ತಂಡ ಕಟ್ಟಿಕೊಂಡು ಹೊರಟರು. ಖುಮ್‌ಜುಂಗ್ ಊರಿನ ಗೊಂಪಾದಲ್ಲಿ, ಅಂದರೆ ಬೌದ್ಧ ಮಠದಲ್ಲಿ, ಯೇತಿಯ ನೆತ್ತಿಯ ಚರ್ಮವೆಂದು ಕಾಪಾಡಿಕೊಂಡಿದ್ದ ವಸ್ತುವನ್ನು ಊರಿನವರ ಒಪ್ಪಿಗೆ ಪಡೆದು, ಊರಿನ ಹಿರಿಯರೊಬ್ಬರನ್ನೂ ಜೊತೆಗೆ ಕರೆದುಕೊಂಡು, ಹೊರದೇಶದ ವಿಜ್ಞಾನಿಗಳಿಗೆ ತೋರಿಸಿದರು. ಅದು ಸೆರೋ ಎಂಬ, ಮೇಕೆಯನ್ನು ಹೋಲುವ ಪ್ರಾಣಿಯ ಚರ್ಮದಿಂದ ಮಾಡಿದ್ದು ಎಂದು ತಿಳಿಯಿತು. ವಸ್ತು ಗೊಂಪಾಕ್ಕೆ ಮರಳಿತು. 2017ರಲ್ಲಿ ಯೇತಿಯದೆಂದು ಹೇಳಲಾದ ಕೂದಲು, ಮೂಳೆ, ಚರ್ಮ ಮುಂತಾದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು, ಎಂಟು ಕರಡಿಯವು, ಒಂದು ನಾಯಿಯದು. 2019ರ ಏಪ್ರಿಲ್‌ನಲ್ಲಿ ನಮ್ಮ ಭೂಸೇನೆಯ ಪರ್ವತಾರೋಹಣ ತಂಡವು ಮಕಾಲು ಪರ್ವತದ ಶಿಬಿರದ ಬಳಿ 32 ಅಂಗುಲ ಉದ್ದ, 15 ಅಂಗುಲ ಅಗಲದ ಹೆಜ್ಜೆಗುರುತುಗಳನ್ನು ಕಂಡಿತೆಂದು ಸೇನೆಯೇ ಚಿತ್ರಸಹಿತ ಪ್ರಕಟಿಸಿತ್ತು.

ಇಷ್ಟು ದೊಡ್ಡ ಹೆಜ್ಜೆ ಹೇಗೆ ಮೂಡುತ್ತದೆ ಎಂಬುದು ಮಕ್ಕಳಿಗೆ ಬಹಳ ಇಷ್ಟವಾಗುವ ವಿಷಯ. ಕರಡಿ ನಡೆಯುವಾಗ ಮುಂಗಾಲು ಊರಿದ ಜಾಗದ ಮೇಲೆಯೇ ಭಾಗಶಃ ಹಿಂಗಾಲು ಬೀಳುತ್ತದೆ, ಎರಡು ಗುರುತು ಕೂಡಿ ಒಂದೇ ಉದ್ದನೆಯ ಪಾದದಂತೆ ಕಾಣುತ್ತದೆ. ಮೇಲೆ ಬಿಸಿಲು ಬಿದ್ದಾಗ ಗುರುತಿನ ಅಂಚು ಕರಗಿ ಅದು ಇನ್ನಷ್ಟು ಹಿಗ್ಗುತ್ತದೆ. ಅಕ್ಕ, ನಿಮ್ಮ ಪುಸ್ತಕದಲ್ಲಿ ಹೆಜ್ಜೆಗಳ ಪುಟ ಒಂದಿರಲಿ, ಅದರಲ್ಲಿ ಬೆಳಿಗ್ಗೆಯ ಹೆಜ್ಜೆ ಚಿಕ್ಕದಾಗಿ, ಮಧ್ಯಾಹ್ನದ ಹೆಜ್ಜೆ ದೊಡ್ಡದಾಗಿ ಇರಲಿ. ಪರಊರಿನವರು ದೊಡ್ಡ ಹೆಜ್ಜೆಯನ್ನು ನೋಡಿ ಬೆಚ್ಚಿಬೀಳಲಿ, ಅವರ ಹಿಂದೆಯೇ ಯೇತಿ ತನ್ನ ಪುಟ್ಟ ಪಾದವನ್ನು ನೋಡಿಕೊಳ್ಳುತ್ತಿರಲಿ.

ವಾಸ್ಕೋದ ಓದುಗ

ಎಲ್ಲವೂ ಚೆನ್ನಾಗಿದೆ. ಆದರೂ ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಹಿಮವನ್ನೇ ಕಾಣದ ಕರಾವಳಿಯ ಮಕ್ಕಳಿಗೆ ಯೇತಿ ಏಕೆ? ನಮ್ಮ ಗುಮ್ಮ ಇಲ್ಲವೇ? ಪುರಂದರದಾಸರ ಪದದಲ್ಲಿ ಬಾಲಕೃಷ್ಣನೂ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಊಟ ಮಾಡದಿದ್ದರೆ ಗುಮ್ಮ, ಮಲಗದಿದ್ದರೆ ಗುಮ್ಮ. ಇಷ್ಟು ತಲೆಮಾರುಗಳಿಂದ ಕರೆಯುತ್ತಲೇ ಇದ್ದೇವೆ, ಅವನು ಒಮ್ಮೆಯೂ ಬಂದಿಲ್ಲ. ಅವನಿಗಿಂತ ನಾಚಿಕೆಯವನು ಬೇರೆ ಯಾರಿದ್ದಾರೆ?

ಮಾಟುಂಗದ ಓದುಗಿ

ಅಣ್ಣ, ನಿಮ್ಮ ಗುಮ್ಮನ ಮಾತನ್ನು ಓದಿ ಬಹಳ ಹೊತ್ತು ಯೋಚಿಸಿದೆ. ಅದು ನಿಜಕ್ಕೂ ಮತ್ತೊಂದು ಪುಸ್ತಕ, ಅದನ್ನು ಬರೆಯಲೇಬೇಕು. ಆದರೆ ಗುಮ್ಮನ ಕಷ್ಟವೇ ಬೇರೆ. ಅವನನ್ನು ಮಕ್ಕಳ ಎದುರಿಗೆ ಇಟ್ಟವರು ಹೆದರಿಸಲೆಂದು ಇಟ್ಟಿದ್ದಾರೆ. ಕತೆ ಆರಂಭವಾಗುವ ಮೊದಲೇ ಅರ್ಧ ಮಕ್ಕಳು ಹೆದರಿರುತ್ತಾರೆ, ಮರಾಠಿ ನೆರೆಹೊರೆಯಿಂದ ಬಾಗುಲಬುವಾನ ಹೆದರಿಕೆಯೂ ಅದಕ್ಕೆ ಸೇರಿರುತ್ತದೆ. ಯೇತಿಯ ಬಗ್ಗೆ ನಮ್ಮ ಮಕ್ಕಳಿಗೆ ಮುಂಚಿನ ಹೆದರಿಕೆ ಇಲ್ಲ. ಅವನನ್ನು ಖಾಲಿ ಹಾಳೆಯಿಂದ ಆರಂಭಿಸಬಹುದು, ಮತ್ತು ಆ ಹಾಳೆ ಹಿಮದಂತೆ ಬಿಳಿಯಾಗಿಯೇ ಇದೆ. ಚಿತ್ರ ಬಿಡಿಸುವ ಹುಡುಗಿ ಕೆಲವು ಪುಟಗಳಲ್ಲಿ ಯೇತಿಗೆ ಹೊರಗೆರೆಯನ್ನೇ ಎಳೆದಿಲ್ಲ. ಬಿಳಿಯ ಹಾಳೆಯ ಮೇಲೆ ಎರಡು ಕಣ್ಣು, ಒಂದು ಮೂಗು, ಎರಡು ಒದ್ದೆ ಕಾಲುಚೀಲ ಮಾತ್ರ.

ಚಾರಣಿಗರು ಬರೆದ ಅನುವಾದದ ಎಡವಟ್ಟಿನ ಸಂಗತಿಯನ್ನು ಕೊನೆಯ ಒಳಪುಟದಲ್ಲಿ ಖಂಡಿತ ಸೇರಿಸುತ್ತೇನೆ. ಮೇಷ್ಟ್ರ ಮಾತಿನಂತೆ ಯೇತಿಗೆ ಕೊಟ್ಟಿದ್ದ "ಗುರ್ ಗುರ್" ಸದ್ದನ್ನು ನಿನ್ನೆಯೇ ತೆಗೆದುಹಾಕಿದೆ.

ಮುಲುಂಡಿನ ಅಜ್ಜಿ

ನಾನು ಉಡುಪಿಯ ಕಡೆಯವಳು, ಮದುವೆಯಾಗಿ ಮುಂಬಯಿಗೆ ಬಂದು ನಲವತ್ತು ವರ್ಷ ದಾಟಿತು. ಊರಿನ ಯಾವುದಾದರೂ ಪಾತ್ರವನ್ನು ಆರಿಸುವುದಾದರೆ ಒಂದು ಎಚ್ಚರ ಇರಲಿ ಎಂದು ಹೇಳಲು ಬರೆಯುತ್ತಿದ್ದೇನೆ. ನಾವು ನಂಬಿ ನಡೆದುಕೊಳ್ಳುವ ದೈವಗಳನ್ನು ಮಕ್ಕಳ ನಗುವಿಗೆ ವಸ್ತು ಮಾಡಬಾರದು. ಯೇತಿಯ ವಿಷಯದಲ್ಲಿಯೂ ಅಷ್ಟೇ. ಅಲ್ಲಿಯ ಜನ ಅವನದೆಂದು ಒಂದು ವಸ್ತುವನ್ನು ಗೊಂಪಾದಲ್ಲಿ ಇಟ್ಟು ಕಾಪಾಡಿಕೊಂಡು ಬಂದಿದ್ದಾರೆಂದರೆ ಅವರಿಗೆ ಅವನು ಬರಿಯ ತಮಾಷೆಯಲ್ಲ. ನಗು ಬಂದರೆ ಅದು ಹುಡುಕಿಕೊಂಡು ಬಂದವರ ಪೆದ್ದುತನದ ಮೇಲೆ ಬರಲಿ. ಮಗಳೇ, ನಿನ್ನ ಕತೆಯಲ್ಲಿ ಹಾಗೆಯೇ ಇದೆ, ಅದನ್ನು ಬದಲಾಯಿಸಬೇಡ.

ಮುಂಬಯಿಯ ಮಕ್ಕಳಿಗೆ ಅಡಗಿ ಬಾಳುವ ಜೀವ ಎಂದರೆ ಅರ್ಥವಾಗುವುದಿಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನಮ್ಮ ಮುಲುಂಡಿನ ಬೆನ್ನಿಗೇ ಇದೆ. ಸುಮಾರು 104 ಚದರ ಕಿಲೋಮೀಟರಿನ ಆ ಕಾಡಿನಲ್ಲಿ ಚಿರತೆಗಳಿವೆ, ಕಾಡಿನ ಅಂಚಿನವರೆಗೂ ಕಟ್ಟಡಗಳಿವೆ. ಅವು ಹೆಚ್ಚಾಗಿ ರಾತ್ರಿಯಲ್ಲಿ ಓಡಾಡುತ್ತವೆ, ಮನುಷ್ಯರ ಎದುರಿಗೆ ಬೀಳದೆ ಬದುಕುತ್ತವೆ. ನನ್ನ ಮೊಮ್ಮಗ ಕಿಟಕಿಯಿಂದ ಆ ಗುಡ್ಡವನ್ನು ನೋಡುತ್ತ "ಅಜ್ಜೀ, ಅದು ಈಗ ನಮ್ಮನ್ನು ನೋಡ್ತಾ ಇದ್ಯಾ?" ಎಂದು ಕೇಳುತ್ತಾನೆ. ಅವನಿಗೆ ಭಯವಿಲ್ಲ, ಯಾರೋ ಇದ್ದಾರೆ ಎಂಬ ಸಂತೋಷ. ನಿನ್ನ ಪುಸ್ತಕದ ಕೊನೆಯಲ್ಲಿ ಮಕ್ಕಳಿಗೆ ಅಂಥ ಸಂತೋಷ ಸಿಗಬೇಕು.

ಡೊಂಬಿವಲಿಯ ತಾಯಿ

ಅಜ್ಜಿಯವರ ಮಾತು ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿತು. ಈಗ ಭಾಷೆಯ ಬಗ್ಗೆ ಎರಡು ವಿಷಯ.

ನಮ್ಮದು ಧಾರವಾಡದ ಕಡೆಯ ಮನೆ. ಪುಸ್ತಕದಲ್ಲಿ "ಯೇತಿ ಅಡಗಿ ಕುಳಿತುಕೊಂಡನು" ಎಂದು ಇದ್ದರೆ ನಾನು ಓದುವಾಗ "ಯೇತಿ ಅಡಗಿ ಕುಂತ" ಎಂದೇ ಬಾಯಿಗೆ ಬರುತ್ತದೆ. ಮೊದಮೊದಲು ತಪ್ಪು ಮಾಡುತ್ತಿದ್ದೇನೆಂದು ನನ್ನನ್ನೇ ತಿದ್ದಿಕೊಳ್ಳುತ್ತಿದ್ದೆ. ತಿದ್ದಿ ಓದಿದಾಗ ಮಗಳ ಗಮನ ಚಿತ್ರದಿಂದ ಜಾರುವುದನ್ನು ಕಂಡು ಬಿಟ್ಟುಬಿಟ್ಟೆ. ಮುದ್ರಣದಲ್ಲಿ ಎಲ್ಲರಿಗೂ ಒಪ್ಪುವ ಬರಹದ ಕನ್ನಡ ಇರಲಿ, ಆದರೆ ವಾಕ್ಯಗಳು ಮೈಸೂರಿನವರೂ ಧಾರವಾಡದವರೂ ಮಂಗಳೂರಿನವರೂ ತಮ್ಮ ಮನೆಯ ಮಾತಿಗೆ ತಿರುಗಿಸಿ ಓದುವಷ್ಟು ಚಿಕ್ಕವಾಗಿರಲಿ. ಮರುಕಳಿಸುವ ಆ ಒಂದು ಸಾಲು ಮಾತ್ರ ಎಲ್ಲರ ಬಾಯಲ್ಲಿಯೂ ಒಂದೇ ಆಗಿರಬೇಕು, ಅದನ್ನು ಮಕ್ಕಳು ಕೂಡಿ ಹೇಳುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ಯೇತಿ "ಅದು"ವೋ "ಅವನು"ವೋ? ಕನ್ನಡದಲ್ಲಿ ಕ್ರಿಯಾಪದ ಬಂದ ಕೂಡಲೇ ಇದನ್ನು ತೀರ್ಮಾನಿಸಬೇಕಾಗುತ್ತದೆ, ಅಡಗಿತು ಎನ್ನಬೇಕು ಇಲ್ಲವೇ ಅಡಗಿದ ಎನ್ನಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ನೀವು ಮೊದಲಿನಿಂದಲೂ "ಅವನು" ಎಂದಿದ್ದೀರಿ. ನನ್ನ ಸಲಹೆಯೆಂದರೆ ಪರಊರಿನವರ ಮಾತಿನಲ್ಲೆಲ್ಲ "ಅದು" ಬರಲಿ: ಅದು ಎಲ್ಲಿದೆ, ಅದು ಹೇಗಿದೆ, ಅದನ್ನು ಹಿಡಿಯಬಹುದೇ. ಹುಡುಗಿಯ ಮಾತಿನಲ್ಲಿ ಮಾತ್ರ "ಅವನು". ಎಲ್ಲಿಯೂ ವಿವರಿಸಬೇಡಿ, ಮಕ್ಕಳು ಕೇಳಿ ತಿಳಿದುಕೊಳ್ಳಲಿ.

ಚೆಂಬೂರಿನ ನಿವೃತ್ತ ಮೇಷ್ಟ್ರು

ಅದು ಮತ್ತು ಅವನು ಎಂಬ ಭೇದದಿಂದಲೇ ಸ್ನೇಹವನ್ನು ತೋರಿಸಬಹುದು ಎಂಬುದು ಬಹಳ ಸೊಗಸಾದ ಸೂಚನೆ. ವ್ಯಾಕರಣದ ಪಾಠದಲ್ಲಿ ಲಿಂಗವನ್ನು ಕೋಷ್ಟಕ ಬರೆಸಿ ಕಲಿಸಿದವನು ನಾನು, ಹೀಗೆ ಕಲಿಸುವ ಅವಕಾಶ ನನಗೆ ಸಿಗಲಿಲ್ಲ.

ವಾಕ್ಯ ಚಿಕ್ಕದಿರಬೇಕೆಂಬುದಕ್ಕೆ ಮಾತ್ರ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಒಂದೆರಡು ಕಡೆ ಉದ್ದನೆಯ ವಾಕ್ಯವೇ ಬೇಕು. ಚಮರಿ ಮೇಯುತ್ತ, ಮೇಯುತ್ತ, ಒಂದು ಹೆಜ್ಜೆ ಇಟ್ಟು, ಮತ್ತೆ ಮೇಯುತ್ತ, ಇನ್ನೊಂದು ಹೆಜ್ಜೆ ಇಟ್ಟು ಮುಂದೆ ಹೋಗುವ ಪುಟದಲ್ಲಿ ವಾಕ್ಯ ಮುಗಿಯಲೇಬಾರದು. ಯೇತಿಯ ಮರೆ ಸ್ವಲ್ಪ ಸ್ವಲ್ಪವಾಗಿ ಜಾರುವುದು ಆ ಉದ್ದದಲ್ಲಿಯೇ ಮಕ್ಕಳಿಗೆ ತಿಳಿಯುತ್ತದೆ. ಅಂದಹಾಗೆ ದೇವಸ್ಥಾನದ ಚಾಮರ ಈ ಪ್ರಾಣಿಯ ಬಾಲದ ಕೂದಲಿನಿಂದ ಬಂದದ್ದು ಎಂದು ಹೇಳಿದರೆ ಮಕ್ಕಳಿಗೆ ಚಮರಿಯ ಪರಿಚಯ ಸುಲಭವಾಗಿ ಆಗುತ್ತದೆ.

ಪುಣೆಯ ಚಾರಣಿಗ

ಮುದ್ರಣದ ಬಗ್ಗೆ ಒಂದು ಮಾತು. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ ಇರುವುದಕ್ಕೆ ಕಾರಣ ಕಾಗದದ ಮಡಿಕೆ. ದೊಡ್ಡ ಹಾಳೆಯನ್ನು ಮಡಿಸಿ ಕತ್ತರಿಸಿದಾಗ ಹದಿನಾರರ ಲೆಕ್ಕದಲ್ಲಿ ಪುಟಗಳಾಗುತ್ತವೆ. ನೀವು ಹತ್ತು ಇಪ್ಪತ್ತು ಪ್ರತಿಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸುವುದಾದರೆ ಎ3 ಹಾಳೆಯನ್ನು ಮಧ್ಯಕ್ಕೆ ಮಡಿಸಿ ಪಿನ್ ಹಾಕಿದರೆ ಸಾಕು, ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗುವಂತೆ ಇಡಿ. ಸ್ಪೈರಲ್ ಬೈಂಡಿಂಗ್ ಬೇಡ. ಎರಡು ಪುಟ ಕೂಡಿ ಒಂದೇ ಚಿತ್ರವಾಗುವ ಕಡೆ ಆ ಸುರುಳಿ ಯೇತಿಯ ಮೂಗಿನ ನಡುವೆಯೇ ಬರುತ್ತದೆ.

ಮುಂದೆ ಇದನ್ನು ಬೇರೆ ಊರಿನ ಮಕ್ಕಳಿಗೂ ತಲುಪಿಸುವ ಮನಸ್ಸಿದ್ದರೆ ಮಕ್ಕಳ ಪುಸ್ತಕಗಳನ್ನು ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣವನ್ನು ನೋಡಿ. ಅಲ್ಲಿಯ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿವೆ, ಬರೆದವರ ಮತ್ತು ಚಿತ್ರಕಾರರ ಹೆಸರನ್ನು ಉಳಿಸಿಕೊಂಡು ಯಾರು ಬೇಕಾದರೂ ಅನುವಾದಿಸಬಹುದು.

ಕೊನೆಯ ಪುಟಕ್ಕೆ ನನ್ನದೂ ಒಂದು ಸಲಹೆ. ಖುಂಬು ಕಣಿವೆಯಲ್ಲಿ ಆಲೂಗಡ್ಡೆ ಮನೆಮನೆಯ ಊಟ. ಹುಡುಗಿ ಬೇಯಿಸಿದ ಆಲೂಗಡ್ಡೆಗಳನ್ನು ಒಂದು ಕಲ್ಲಿನ ಮೇಲೆ ಇಟ್ಟು ಬೆನ್ನು ತಿರುಗಿಸಿ ಕೂರಲಿ.

ಮಾಟುಂಗದ ಓದುಗಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಿನ್ನೆ ಶನಿವಾರ ಕರಡು ಪ್ರತಿಯನ್ನು ಮಕ್ಕಳಿಗೆ ಓದಿದೆ. ಚಾರಣಿಗರ ಆಲೂಗಡ್ಡೆಯ ಸಲಹೆಯನ್ನು ಹಾಗೆಯೇ ತೆಗೆದುಕೊಂಡಿದ್ದೆ. ಹುಡುಗಿ ಬೆನ್ನು ತಿರುಗಿಸಿ ಕೂರುತ್ತಾಳೆ, ಪುಟ ತಿರುವಿದರೆ ಕಲ್ಲಿನ ಮೇಲೆ ಆಲೂಗಡ್ಡೆ ಇಲ್ಲ, ಅದರ ಜಾಗದಲ್ಲಿ ಒಣಗಿದ ಎರಡು ಕಾಲುಚೀಲಗಳು ಮಡಿಸಿ ಇಟ್ಟಿವೆ. ಆ ಪುಟದಲ್ಲಿ ಮಾತಿಲ್ಲ.

ಓದುವ ಮುನ್ನ ನೆಲದ ಮೇಲೆ ರಂಗೋಲಿಯಿಂದ 32 ಅಂಗುಲ ಉದ್ದ, 15 ಅಂಗುಲ ಅಗಲದ ಒಂದು ಹೆಜ್ಜೆ ಬಿಡಿಸಿದ್ದೆ. ಮೂರು ಮಕ್ಕಳು ಒಬ್ಬರ ಹಿಂದೊಬ್ಬರು ಅದರೊಳಗೆ ನಿಂತರು, ನಾಲ್ಕನೆಯವನು ಜಾಗವಿಲ್ಲವೆಂದು ಅತ್ತ. ಸೀನಿನ ಪುಟದಲ್ಲಿ ಮೇಷ್ಟ್ರು ಹೇಳಿದಂತೆ ಹಾಳೆಯ ಮೂಲೆ ಹಿಡಿದು ನಿಂತೆ. ನನ್ನ ಲೆಕ್ಕದಲ್ಲಿ ಅದು ಬಹಳ ದೀರ್ಘವಾದ ಮೌನ. ಎಲ್ಲರೂ ಒಟ್ಟಿಗೆ ಸೀನಿದರು, ಮತ್ತು ಪುಟ ತಿರುವಿದ ಮೇಲೆ ಚಿತ್ರದಲ್ಲಿಯೂ ಸೀನು ಬಂದಿದ್ದನ್ನು ಕಂಡು ಚಾಪೆಯ ಮೇಲೆ ಉರುಳಾಡಿ ನಕ್ಕರು.

ಆಮೇಲೆ ನಡೆದದ್ದನ್ನು ಹೇಳಬೇಕು. ನಮ್ಮಲ್ಲಿ ಐದು ವರ್ಷದ ಒಬ್ಬ ಹುಡುಗ ಬರುತ್ತಾನೆ. ನಾಲ್ಕು ತಿಂಗಳಿನಿಂದ ಬರುತ್ತಿದ್ದರೂ ಗೋಡೆಗೆ ಒರಗಿ ಕೂರುವುದು ಬಿಟ್ಟರೆ ಒಂದು ಮಾತೂ ಆಡಿದವನಲ್ಲ. ಪರಊರಿನವರು ಕೊನೆಯ ಸಲ "ಅದು ಎಲ್ಲಿದೆ?" ಎಂದು ಕೇಳುವ ಪುಟ ಬಂದಾಗ, ಚಿತ್ರದಲ್ಲಿ ಯೇತಿಯನ್ನು ಕಂಡುಹಿಡಿದ ಉಳಿದ ಮಕ್ಕಳೆಲ್ಲ "ಅಲ್ಲಿ! ಅಲ್ಲಿ!" ಎಂದು ಬೆರಳು ತೋರಿಸಿ ಕೂಗಿದರು. ಈ ಹುಡುಗ ಗೋಡೆ ಬಿಟ್ಟು ಎದ್ದು ಬಂದು, ತನ್ನ ಎರಡೂ ಅಂಗೈಗಳನ್ನು ಚಿತ್ರದ ಮೇಲೆ ಇಟ್ಟು ಯೇತಿಯನ್ನು ಮುಚ್ಚಿದ. ನನ್ನ ಕಿವಿಯ ಹತ್ತಿರ ಬಂದು "ಹೇಳ್ಬೇಡಿ ಆಂಟೀ, ಅವನಿಗೆ ಬೇಡ" ಎಂದ. ಉಳಿದ ಮಕ್ಕಳು ಒಂದು ಕ್ಷಣ ಅವನನ್ನೇ ನೋಡಿದರು. ನಂತರ ಒಬ್ಬಳು ಶುರು ಮಾಡಿದಳು, ಎಲ್ಲರೂ ಸೇರಿಕೊಂಡರು: "ಇಲ್ಲಿ ಯಾರೂ ಇಲ್ಲಪ್ಪ, ಇರುವುದೆಲ್ಲ ಹಿಮವಪ್ಪ."

ಬಾಗಿಲಲ್ಲಿ ನಿಂತಿದ್ದ ತಂದೆತಾಯಂದಿರಲ್ಲಿ ಕುಣಿತದ ಪುಟ ಬೇಕೆಂದವರೂ ಇದ್ದರು. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕುಣಿತದ ಪುಟವನ್ನು ಬಿಟ್ಟಿದ್ದೇನೆ. ಈಗ ಒಟ್ಟು 28 ಪುಟಗಳಾಗಿವೆ, ನಾಲ್ಕರಿಂದ ಭಾಗವಾಗುತ್ತದೆ. ಹೆಜ್ಜೆಗಳ ಪುಟದಲ್ಲಿ ಬೆಳಗಿನ ನೆರಳು ಯಾವ ಕಡೆಗೆ ಬೀಳಬೇಕೆಂದು ಚಿತ್ರ ಬಿಡಿಸುವ ಹುಡುಗಿ ಕೇಳುತ್ತಿದ್ದಾಳೆ. ಚಾರಣಿಗ ತಮ್ಮಾ, ಖುಂಬುವಿನಲ್ಲಿ ನೀವು ಬೆಳಿಗ್ಗೆ ತೆಗೆದ ಚಿತ್ರಗಳಿದ್ದರೆ ಒಂದೆರಡನ್ನು ಬುಧವಾರದೊಳಗೆ ಇಲ್ಲಿ ಹಾಕಿ. ಡೊಂಬಿವಲಿಯ ತಂಗೀ, ಮಗಳಿಗೆಂದು ಒಂದು ಪ್ರತಿಯನ್ನು ತೆಗೆದಿರಿಸಿದ್ದೇನೆ, ಬೇರೆಯವರ ಮುಂದೆ ಓದಬೇಕಾಗಿಲ್ಲ ಎಂದು ಅವಳಿಗೆ ತಿಳಿಸಿ.